ನಮ್ಮ ತಾರಸಿಯ ಬಿಳಿ ಬಣ್ಣ, ಪಕ್ಕದ ಮನೆಯ ಬಿಸಿಲು

ಮುಂಬೈಯ ಭಾಂಡುಪ್‌ನಲ್ಲಿರುವ ನಮ್ಮ ಬಿಲ್ಡಿಂಗ್‌ಗೆ ನಾಲ್ಕು ಮಹಡಿ. ಲಿಫ್ಟ್ ಇಲ್ಲ. ನಾವಿರುವುದು ನಾಲ್ಕನೆಯದರಲ್ಲಿ. ಮನೆ ಕೊಳ್ಳುವಾಗ ಎರಡನೆಯ ಮಹಡಿಯಲ್ಲೂ ಒಂದು ಖಾಲಿ ಇತ್ತು. ಆದರೆ ನನ್ನ ಗಂಡ ಮೇಲಿನದೇ ಬೇಕೆಂದು ಹಟ ಹಿಡಿದರು. ಅವರು ಧಾರವಾಡದವರು, ನಾನು ಮೈಸೂರಿನವಳು. ಹಟದಲ್ಲಿ ಗೆಲ್ಲುವುದು ಯಾವಾಗಲೂ ಧಾರವಾಡವೇ.

"ಮ್ಯಾಲಿನ ಮನಿಗೆ ಗಾಳಿ ಛಲೋ ಬರ್ತದ. ತಲಿ ಮ್ಯಾಲೆ ಮಸಾಲಿ ಕುಟ್ಟೋರು ಯಾರೂ ಇರಂಗಿಲ್ಲ," ಎಂದಿದ್ದರು.

ಕುಟ್ಟುವವರು ಇರಲಿಲ್ಲ, ನಿಜ. ತಲೆಯ ಮೇಲೆ ಇದ್ದವನು ಸೂರ್ಯ ಒಬ್ಬನೇ. ಮೊದಲ ಕೆಲವು ವರ್ಷ ಅವನು ಅಷ್ಟೇನೂ ತೊಂದರೆ ಕೊಡಲಿಲ್ಲ. ಆಮೇಲೆ ಮಳೆಗಾಲದಲ್ಲಿ ತಾರಸಿ ಸೋರತೊಡಗಿತು. ಸೊಸೈಟಿಯವರು, ಅಂದರೆ ನಮ್ಮ ಮನೆಮಾಲೀಕರ ಸಂಘದವರು, ಸೋರುವುದನ್ನು ನಿಲ್ಲಿಸಲು ತಾರಸಿಯ ತುಂಬ ಕಪ್ಪು ಡಾಂಬರಿನ ಹಾಳೆ ಹಾಸಿಸಿದರು. ಸೋರುವುದು ನಿಂತಿತು, ಸುಡುವುದು ಶುರುವಾಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಮನೆಯಲ್ಲಿ ಫ್ಯಾನ್ ಹಾಕಿದರೆ ಯಾರೋ ಬಿಸಿ ಗಾಳಿಯನ್ನು ಸೌಟಿನಲ್ಲಿ ಮೊಗೆದು ಮುಖಕ್ಕೆ ಎರಚಿದಂತೆ ಆಗುತ್ತಿತ್ತು.

ಗಂಡ ನಿವೃತ್ತರಾದ ಮೇಲೆ ಒಂದು ಉಪಾಯ ಕಂಡುಕೊಂಡರು. ಊಟ ಮುಗಿದ ಕೂಡಲೇ "ನೋಟೀಸ್ ಬೋರ್ಡ್ ನೋಡಿ ಬರ್ತೇನಿ" ಎಂದು ಕೆಳಗಿಳಿಯುವುದು, ನೆಲಮಹಡಿಯ ಸೊಸೈಟಿ ಆಫೀಸಿನ ತಣ್ಣನೆಯ ಕುರ್ಚಿಯಲ್ಲಿ ನಾಲ್ಕು ಗಂಟೆಯವರೆಗೆ ನಿದ್ದೆ ಮಾಡುವುದು. ಮನುಷ್ಯ ದಿನಾ ಆಫೀಸಿನಲ್ಲೇ ಇರುತ್ತಾರೆಂದು ವಾಚ್‌ಮನ್‌ನಿಂದ ಕೇಳಿದ ಸೆಕ್ರೆಟರಿ, ಇವರಿಗೆ ಸೊಸೈಟಿಯ ಮೇಲೆ ಬಹಳ ಕಾಳಜಿ ಎಂದು ತಿಳಿದು, ಮುಂದಿನ ಚುನಾವಣೆಯಲ್ಲಿ ಅವರನ್ನು ಕಮಿಟಿಗೆ ಸೇರಿಸಿಕೊಂಡರು. ನಿದ್ದೆ ಮಾಡಿ ಪದವಿ ಪಡೆದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮಗಳು ಆಗ ಪರಿಸರ ನೀತಿಯಲ್ಲಿ ಎಂ.ಎ. ಓದುತ್ತಿದ್ದಳು. ಅವಳ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪನ ಕನ್ನಡ ಒಂದು, ಅಮ್ಮನ ಕನ್ನಡ ಒಂದು, ಬಿಲ್ಡಿಂಗಿನ ಮಕ್ಕಳದು ಹಿಂದಿ. ಹಾಗಾಗಿ ಅವಳು ನನ್ನಿಂದ ಅರ್ಧ, ಅಪ್ಪನಿಂದ ಅರ್ಧ ತೆಗೆದುಕೊಂಡು "ನಾನು ಬರ್ತದ" ಎನ್ನುತ್ತಿದ್ದಳು. ತಿದ್ದಿದರೆ "ಸಮಝ್ ಮೇಂ ಆಯಾ ನಾ?", ಅರ್ಥವಾಯಿತಲ್ಲ, ಎಂದು ಮುಂದೆ ಹೋಗುತ್ತಿದ್ದಳು.

ಒಂದು ಸಂಜೆ ಅವಳು ಕಾಲೇಜಿನಲ್ಲಿ ಮಂಡಿಸಬೇಕಾದ ಪ್ರಬಂಧವನ್ನು ನಮ್ಮಿಬ್ಬರ ಮುಂದೆ ಊಟದ ಮೇಜಿನಲ್ಲೇ ಓದಿ ನೋಡಿದಳು. ಭೂಮಿ ಬಿಸಿಯಾಗುತ್ತಿದೆಯಲ್ಲ, ಅದನ್ನು ಮನುಷ್ಯರೇ ಕೈಹಾಕಿ ತಣಿಸಬಹುದೇ ಎನ್ನುವುದು ವಿಷಯ. ವಾತಾವರಣದ ಮೇಲಿನ ಪದರದಲ್ಲಿ ಸೂಕ್ಷ್ಮ ಕಣಗಳನ್ನು ಎರಚುವುದು, ಸಮುದ್ರದ ಮೇಲಿನ ಮೋಡಗಳಿಗೆ ಉಪ್ಪುನೀರು ಸಿಂಪಡಿಸಿ ಇನ್ನಷ್ಟು ಬೆಳ್ಳಗಾಗಿಸುವುದು, ಹೀಗೆ ಬಿಸಿಲಿನ ಒಂದಿಷ್ಟು ಭಾಗವನ್ನು ಬಂದ ದಾರಿಯಲ್ಲೇ ವಾಪಸು ಕಳಿಸುವುದು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ತಲೆಯಾಡಿಸುತ್ತ ಕೇಳಿದೆ. ನನ್ನ ಗಂಡ ಮೊಸರನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು.

"ಅಂದ್ರ, ಆಕಾಶಕ್ಕ ಸುಣ್ಣಾ ಹೊಡಿಯೋದು?"

ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಒಂದು ಕ್ಷಣ ಯೋಚಿಸಿದಳು. "ಬೇಸಿಕಲಿ... ಹೌದು ಅಪ್ಪಾ."

"ಮತ್ತ ಹೊಡೀಲಿಕ್ಕೆ ಏನಾಗೇದ? ಯಾಕ ತಡಾ ಮಾಡ್ಲಿಕ್ಕತ್ತಾರ?"

"ಯಾರು ಹೊಡೀಬೇಕು? ಯಾರನ್ನ ಕೇಳ್ಬೇಕು? ಒಂದು ದೇಶ ತನಗೆ ಸೆಕೆ ಅಂತ ಮಾಡಿತು, ಇನ್ನೊಂದು ದೇಶದಲ್ಲಿ ಮಳೆ ಗಡ್‌ಬಡ್ ಆಯಿತು, ಆಗ? ಮತ್ತೆ ಒಂದ್ಸಲ ಶುರು ಮಾಡಿದ್ರೆ ನಿಲ್ಲಿಸಕ್ಕೆ ಆಗಲ್ಲ. ಹೊಗೆ ಎಲ್ಲ ಹಾಗೇ ಇರ್ತದಲ್ಲ, ನಿಲ್ಲಿಸಿದ ತಕ್ಷಣ ಬಿಸಿ ಏಕ್‌ದಮ್ ವಾಪಸ್ ಬರ್ತದ. ಮತ್ತೆ ಇದೊಂದು ಇದೆ ಅಂತ ಜನ ಹೊಗೆ ಬಿಡೋದು ಕಡಿಮೆ ಮಾಡೋದೇ ಇಲ್ಲ."

ಗಂಡ ಇಷ್ಟನ್ನೂ ಕೇಳಿಸಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಕಣ್ಣು ನಮ್ಮ ಸೀಲಿಂಗಿನ ಮೇಲಿತ್ತು. ನಾನೂ ಮೇಲೆ ನೋಡಿದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡಹೆಂಡಿರಿಗೆ ಒಂದೇ ಆಲೋಚನೆ ಒಂದೇ ಕ್ಷಣಕ್ಕೆ ಹೊಳೆಯುವುದು ಅಪರೂಪ. ಅಂದು ಹೊಳೆಯಿತು.

ಅದೇ ವಾರ ಗುರುವಾರ ಬೆಳಿಗ್ಗೆ ನಾವು ತಾರಸಿ ಹತ್ತಿದೆವು. ಸ್ಟೇಷನ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಸಿಲು ತಡೆಯುವ ಬಿಳಿ ಬಣ್ಣ ಸಿಕ್ಕಿತ್ತು. ಗುರುವಾರವನ್ನು ಆರಿಸಿದ್ದಕ್ಕೆ ಕಾರಣವಿತ್ತು. ಸೆಕ್ರೆಟರಿ ಕೆಲಸಕ್ಕೆ ಹೋಗಿರುತ್ತಾರೆ. ಎರಡನೆಯ ಮಹಡಿಯ ಹಪ್ಪಳದ ಅಕ್ಕ ಪ್ರತಿ ಗುರುವಾರ ತಂಗಿಯ ಮನೆಗೆಂದು ಘಾಟ್ಕೋಪರ್‌ಗೆ ಹೋಗುತ್ತಾರೆ. ಉಡುಪಿ ಕಡೆಯ ಈ ಅಕ್ಕ ಬೇಸಿಗೆ ಬಂತೆಂದರೆ ಹಲಸಿನ ಹಪ್ಪಳ ಮಾಡಿ ತಾರಸಿಯಲ್ಲಿ ಒಣಗಿಸುತ್ತಿದ್ದರು. ಸಯನ್ ಬಡಾವಣೆಯ ಕನ್ನಡದವರಲ್ಲಿ ಅರ್ಧ ಜನರ ಮನೆಗೆ ಅವರದೇ ಹಪ್ಪಳ. ಕಪ್ಪು ತಾರಸಿ ನಮಗೆ ಶಾಪವಾದರೆ ಅವರಿಗೆ ವರ. ಹಾಗಾಗಿ ಅವರು ಇಲ್ಲದ ದಿನ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಶಾಲೆಯಲ್ಲಿ ನಲವತ್ತು ಮಕ್ಕಳಿಗೆ "ಕೇಳದೆ ಯಾವುದನ್ನೂ ಮುಟ್ಟಬಾರದು" ಎಂದು ಹೇಳಿಕೊಂಡು ಬಂದವಳು ನಾನು.

ಪೂರ್ತಿ ತಾರಸಿಗೆ ಹೊಡೆಯುವ ಯೋಚನೆ ನಮಗಿರಲಿಲ್ಲ. ನಮ್ಮ ಮಲಗುವ ಕೋಣೆಯ ನೆತ್ತಿಗೆ ಮಾತ್ರ, ಪ್ರಯೋಗಕ್ಕಾಗಿ. ನಾನು ಅಂಚುಗಳಿಗೆ ಬ್ರಷ್ ಹಿಡಿದೆ. ಗಂಡ ಲುಂಗಿ ಎತ್ತಿ ಕಟ್ಟಿ, ಉದ್ದ ಕೋಲಿನ ಕಸಪೊರಕೆಯನ್ನು ಬಣ್ಣದಲ್ಲಿ ಅದ್ದಿ, ಬಾಗಿಲ ಕಡೆಯಿಂದ ಶುರುಮಾಡಿ ನೀರಿನ ಟ್ಯಾಂಕಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಬಳಿದರು. ಬಹಳ ಹುರುಪಿನಲ್ಲಿದ್ದರು. ಟ್ಯಾಂಕಿನ ಕಟ್ಟೆ ಬೆನ್ನಿಗೆ ತಾಗಿದಾಗ ನಿಂತು ನೋಡಿದರು. ಮುಂದೆ, ಎಡಕ್ಕೆ, ಬಲಕ್ಕೆ, ಎಲ್ಲ ಕಡೆ ಹಸಿ ಬಣ್ಣ. ಅವರು ಕಟ್ಟೆ ಹತ್ತಿ ಕೂತರು.

"ಎಷ್ಟೊತ್ತಿಗೆ ಒಣಗ್ತದ?"

ನಾನು ಡಬ್ಬಿಯ ಮೇಲಿದ್ದುದನ್ನು ಓದಿದೆ. "ನಾಲ್ಕು ಗಂಟೆ ತುಳೀಬಾರದಂತೆ ಕಣ್ರೀ."

ಆಗ ಅವರು ಬಣ್ಣದ ಕಂಪನಿಯ ಬಗ್ಗೆ, ಹಾರ್ಡ್‌ವೇರ್ ಅಂಗಡಿಯ ಬಗ್ಗೆ, ಕೊನೆಗೆ ಮೈಸೂರಿನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹನ್ನೊಂದು ಗಂಟೆಗೆ ಮಜ್ಜಿಗೆ ಕೇಳಿದರು. ತಂಬಿಗೆಯನ್ನು ಬಟ್ಟೆ ಒಣಹಾಕುವ ಕೋಲಿನ ತುದಿಗೆ ಕಟ್ಟಿ ಚಾಚಿದೆ. ಅರ್ಧ ಅವರಿಗೆ ಸಿಕ್ಕಿತು, ಅರ್ಧ ಬಣ್ಣಕ್ಕೆ ಬಿತ್ತು. ಆ ಹೊತ್ತಿಗೆ ಮಗಳು ಕಾಲೇಜಿನಿಂದ ಬೇಗ ಬಂದು, ಮನೆಗೆ ಬೀಗ ಇರುವುದು ಕಂಡು, ಮೇಲಕ್ಕೆ ಹತ್ತಿ ಬಂದಳು. ಬಿಳಿ ಸಮುದ್ರದ ನಡುವೆ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತ ಅಪ್ಪ. ದಡದಲ್ಲಿ ಕೋಲು ಹಿಡಿದ ಅಮ್ಮ. ಅವಳು ನಗಲಿಲ್ಲ.

"ಅಮ್ಮಾ, ಪರ್ಮಿಶನ್ ತಗೊಂಡ್ರಾ?"

"ಪ್ರಯೋಗ ಅಷ್ಟೇ ಕಣೇ. ಸಣ್ಣ ಜಾಗ."

"ಎಲ್ಲರೂ ಹಾಗೇ ಹೇಳೋದು! ನನ್ನ ಪೇಪರ್‌ನಲ್ಲಿ ಒಂದು ಇಡೀ ಚಾಪ್ಟರ್ ಇದೆ ನಿಮ್ಮಂಥವರ ಮೇಲೆ!"

ನನ್ನ ಗಂಡನಿಗೆ ನಾಲ್ಕು ಗಂಟೆ ಕಾಯಲು ಆಗಲಿಲ್ಲ. ಒಂದು ಗಂಟೆಗೆ ಹಸಿವಾಯಿತು. ಬರಿಗಾಲಿನಲ್ಲಿ ಬಣ್ಣ ತುಳಿದುಕೊಂಡೇ ಬಂದರು, ಊಟ ಮಾಡಿದರು, ರೂಢಿಯಂತೆ ನೋಟೀಸ್ ಬೋರ್ಡ್ ನೋಡಲು ಇಳಿದರು. ಸಂಜೆ ಕೆಲಸದಿಂದ ಬಂದ ಸೆಕ್ರೆಟರಿಗೆ ತಾರಸಿಯಿಂದ ಸೊಸೈಟಿ ಆಫೀಸಿನವರೆಗೆ ನಾಲ್ಕು ಮಹಡಿಯ ಮೆಟ್ಟಿಲುಗಳ ಮೇಲೆ ಬಿಳಿ ಹೆಜ್ಜೆಗಳು ಕಂಡವು. ಹೆಜ್ಜೆಗಳು ಕೊನೆಗೊಂಡಲ್ಲಿ, ಕುರ್ಚಿಯಲ್ಲಿ, ಕಮಿಟಿಯ ಮಾನ್ಯ ಸದಸ್ಯರು ಅಂದಿನ ದಣಿವಿಗೆ ಇನ್ನೂ ಗೊರಕೆ ಹೊಡೆಯುತ್ತಿದ್ದರು.

ಸೆಕ್ರೆಟರಿ ರತ್ನಾಗಿರಿಯ ಕಡೆಯ ಮರಾಠಿಯವರು, ಸಂಭಾವಿತರು. ಬೈಯಲಿಲ್ಲ. "ಮ್ಯಾಡಮ್, ಟೆರೇಸ್ ಸಬ್‌ಕಾ ಹೈ," ಎಂದರು ಅಷ್ಟೇ. ತಾರಸಿ ಎಲ್ಲರದು. ಮೂವತ್ತು ವರ್ಷದ ಟೀಚರಿಗೆ ಅಷ್ಟು ಸಾಕಾಯಿತು. ಭಾನುವಾರ ಎಲ್ಲರ ಮೀಟಿಂಗ್ ಕರೆದರು.

ಮೀಟಿಂಗ್ ಕೆಳಗಿನ ಪಾರ್ಕಿಂಗ್‌ನಲ್ಲಿ. ನಾನು ಶಾಲೆಯ ಕಾಲದ ಉಷ್ಣಮಾಪಕ ಹಿಡಿದುಕೊಂಡು ಹೋಗಿದ್ದೆ. ಬಿಳಿ ಬಳಿದ ಕೋಣೆಯಲ್ಲಿ ಪಾದರಸ ಎಲ್ಲಿತ್ತು, ಬಳಿಯದ ಹಾಲ್‌ನಲ್ಲಿ ಎಲ್ಲಿತ್ತು ಎಂದು ಎಲ್ಲರಿಗೂ ತೋರಿಸಿದೆ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ನಾಲ್ಕನೆಯ ಮಹಡಿಯ ಉಳಿದ ಮೂರು ಮನೆಯವರು ಚಪ್ಪಾಳೆ ತಟ್ಟಿದರು. ಹಪ್ಪಳದ ಅಕ್ಕ ಎದ್ದು ನಿಂತರು.

"ಟೀಚರ್, ಈ ಬಿಸಿಲು ಎಂತ ನಿಮ್ಮ ಅಪ್ಪನ ಮನೆಯದ್ದಾ? ನಿಮಗೆ ಬೇಡ ಅಂತ ವಾಪಸು ಕಳಿಸುದಾ? ನನಗೆ ಬೇಕು ಮಾರಾಯ್ರೆ. ಕಪ್ಪಿನ ಮೇಲೆ ಒಂದೇ ದಿನದಲ್ಲಿ ಒಣಗುವ ಹಪ್ಪಳ ನಿಮ್ಮ ಬಿಳಿಯಲ್ಲಿ ಎರಡು ದಿನ ಆದ್ರೂ ಒಣಗುದಿಲ್ಲ."

"ಅಕ್ಕಾ, ಮನೆಯೊಳಗೆ ಇರಕ್ಕಾಗ್ತಿಲ್ಲ ನಮಗೆ."

"ಅದು ಹೌದು, ನಾನು ಇಲ್ಲ ಹೇಳಿದ್ನಾ? ಆದ್ರೆ ಗುರುವಾರವೇ ಯಾಕೆ ಹೊಡೆದದ್ದು? ಅದು ಹೇಳಿ."

ನಾನು ಉಷ್ಣಮಾಪಕವನ್ನು ಅದರ ಡಬ್ಬಿಗೆ ಹಾಕತೊಡಗಿದೆ. ಗಂಡ ತಮ್ಮ ಪಾದ ನೋಡಿಕೊಂಡರು; ಉಗುರುಗಳಲ್ಲಿ ಇನ್ನೂ ಬಿಳಿ ಇತ್ತು.

ಒಂದು ಗಂಟೆ ವಾದವಾದ ಮೇಲೆ ಒಪ್ಪಂದವಾಯಿತು. ತಾರಸಿಯ ಪೂರ್ವದ ಮೂಲೆ ಕಪ್ಪಾಗಿಯೇ ಹಪ್ಪಳಕ್ಕೆ ಬಿಡುವುದು, ಉಳಿದದ್ದಕ್ಕೆಲ್ಲ ಬಿಳಿ ಹೊಡೆಸುವುದು. ಆಮೇಲೆ ಸೆಕ್ರೆಟರಿ ಕಾಗದ ತಿರುವಿ, ಹೋದ ವರ್ಷ ಗೇಟಿನ ಪಕ್ಕ ಒಂದು ಬೇವು, ಒಂದು ಹೊಂಗೆ ನೆಡುವುದೆಂದು ಠರಾವು ಆಗಿತ್ತಲ್ಲ, ಬಿಲ್ಡಿಂಗ್ ತಂಪಾಗಲಿ ಎಂದು, ಈಗ ಬಣ್ಣವೇ ತಂಪು ಮಾಡುವಾಗ ಅದು ಬೇಕೇ, ಎಲೆ ಉದುರಿ ಗಟಾರ ಕಟ್ಟಿಕೊಳ್ಳುತ್ತದೆ, ಒಂದು ಕಾರು ನಿಲ್ಲಿಸಲು ಜಾಗವೂ ಹೋಗುತ್ತದೆ ಎಂದು ಕೇಳಿದರು. ಬೇಡವೆನ್ನುವವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ನಾನೂ ಎತ್ತಿದೆ.

ಹಿಂದಿನ ಸಾಲಿನಿಂದ ಮಗಳು ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಗಿದಳು. "ಅಮ್ಮಾ, ಇದೇ! ಇದನ್ನೇ ನಾನು ಬರೆದದ್ದು! ಸುಲಭದ್ದು ಸಿಕ್ಕಿದ ಮೇಲೆ ಯಾರೂ ಸರಿಯಾದದ್ದು ಮಾಡಲ್ಲ ಅಂತ!" ಅವಳಿಗೆ ಸಿಟ್ಟು ಬಂದಿತ್ತೋ ಖುಷಿಯಾಗಿತ್ತೋ ತಿಳಿಯಲಿಲ್ಲ. ನೋಟ್‌ಬುಕ್ ತೆಗೆದು ಬರೆದುಕೊಂಡಳು. ನನ್ನ ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು, ಆದರೆ ಅಷ್ಟರಲ್ಲಿ ಎಣಿಕೆ ಮುಗಿದಿತ್ತು.

ಆ ವಾರವೇ ಪೇಂಟರ್ ಬಂದು ಬಿಳಿ ಬಳಿದ. ಮುಂದಿನ ಎರಡು ವಾರ ನಾವು ಸ್ವರ್ಗದಲ್ಲಿದ್ದೆವು ಎಂದರೆ ಅತಿಶಯೋಕ್ತಿಯಲ್ಲ. ಗಂಡ ಮಧ್ಯಾಹ್ನ ಮನೆಯಲ್ಲೇ, ನಮ್ಮದೇ ಮಂಚದ ಮೇಲೆ ಮಲಗತೊಡಗಿದರು. ಹಪ್ಪಳದ ಅಕ್ಕನಿಗೆ ಬಿಳಿ ತಾರಸಿಯಿಂದ ಕಣ್ಣು ಕೋರೈಸುತ್ತಿತ್ತೆಂದು ಅವರ ಮಗ ದೊಡ್ಡ ಕಪ್ಪು ಕನ್ನಡಕ ತಂದುಕೊಟ್ಟ. ನೈಟಿಯ ಮೇಲೆ ಟವೆಲ್ ಹೊದ್ದು, ಕಪ್ಪು ಕನ್ನಡಕ ಹಾಕಿ, ಕಾಗೆ ಓಡಿಸುವ ಕೋಲು ಹಿಡಿದು ಅವರು ತಮ್ಮ ಕಪ್ಪು ಮೂಲೆಯಲ್ಲಿ ಕೂತರೆ ಯಾವುದೋ ಸಿನಿಮಾದ ಡಾನ್ ಹಾಗೆ ಕಾಣುತ್ತಿದ್ದರು. ಅವರೂ ಒಗ್ಗಿಕೊಂಡರು. ಆಗ ಬಂತು ಚೀಟಿ.

ನಮ್ಮ ಪಕ್ಕದ ಬಿಲ್ಡಿಂಗ್ ಏಳು ಮಹಡಿಯದು. ಅದರ ಐದನೆಯ ಮಹಡಿಯ ಕಿಟಕಿಗಳು ನಮ್ಮ ತಾರಸಿಗೆ ನೇರ ಎದುರು. ಅಲ್ಲಿಂದ ವಾಚ್‌ಮನ್ ಕೈಯಲ್ಲಿ ಬಂದ ಚೀಟಿ, ದುಂಡು ಅಕ್ಷರದ ಚೊಕ್ಕ ಕನ್ನಡದಲ್ಲಿತ್ತು: "ಮಾನ್ಯರೇ, ತಾವು ದಂಪತಿಗಳು ಒಮ್ಮೆ ನಮ್ಮ ಮನೆಗೆ ದಯಮಾಡಿಸಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ ಬಂದರೆ ಉತ್ತಮ."

ಹೋದೆವು. ಬಾಗಿಲು ತೆರೆದ ಹಿರಿಯರು ತಲೆಗೆ ಟೋಪಿ ಹಾಕಿದ್ದರು. ಕಣ್ಣಿಗೆ ತಂಪು ಕನ್ನಡಕ.

"ಬನ್ನಿ, ಬನ್ನಿ. ಕೊಡೆ ತಂದಿದ್ದೀರಾ?"

ನಾನು ತಮಾಷೆ ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಹಾಲ್‌ನ ಸೀಲಿಂಗ್ ಕಣ್ಣು ಕುಕ್ಕುವಂತೆ ಬೆಳಗುತ್ತಿತ್ತು. ಬೆಳಕು ಮೇಲಿನಿಂದ ಬರುವುದು ನೋಡಿದ್ದೇವೆ. ಇಲ್ಲಿ ಕೆಳಗಿನಿಂದ ಬಂದು ಸೀಲಿಂಗಿಗೆ ಬಡಿದು ತಲೆಯ ಮೇಲೆ ಬೀಳುತ್ತಿತ್ತು. ಟಿವಿಯ ಎದುರಿನ ಆರಾಮಕುರ್ಚಿಗೆ ಒಂದು ಕಪ್ಪು ಕೊಡೆಯನ್ನು ಹಗ್ಗದಿಂದ ಬಿಗಿದಿದ್ದರು. ಅವರು ಹೋಗಿ ಆ ಕೊಡೆಯ ಕೆಳಗೆ ಕೂತರು.

"ನಾನು ಬೆಂಗಳೂರಿನವನು. ಬ್ಯಾಂಕಿನಲ್ಲಿದ್ದೆ. ನೀವು ಕನ್ನಡದವರು ಅಂತ ನನಗೆ ಗೊತ್ತಾಗಿದ್ದು ಆ ಗುರುವಾರ. ಯಜಮಾನರು ನೀರಿನ ಟ್ಯಾಂಕಿನ ಮೇಲೆ ಕೂತು ಮಾತಾಡಿದ್ದೆಲ್ಲ ಇಲ್ಲಿಗೆ ಸ್ಪಷ್ಟವಾಗಿ ಕೇಳಿಸ್ತು."

ನನ್ನ ಗಂಡ ಕೆಮ್ಮಿದರು.

"ಮೇಡಂ, ನನಗೆ ಕಣ್ಣಿನ ಆಪರೇಶನ್ ಆಗಿದೆ. ಈ ಬೆಳಕಿನಲ್ಲಿ ಟಿವಿ ಕಾಣಲ್ಲ. ಬ್ಯಾಟ್ಸ್‌ಮನ್ ಯಾರು, ಬೌಲರ್ ಯಾರು, ಬರೀ ಗಲಾಟೆ ಮಾತ್ರ ಕೇಳ್ಕೊಂಡು ಕೂತಿರ್ತೀನಿ. ಮಧ್ಯಾಹ್ನ ಈ ರೆಕ್ಸಿನ್ ಕುರ್ಚಿ ಮುಟ್ಟಿ ನೋಡಿ, ದೋಸೆ ಹೊಯ್ಯಬಹುದು."

ನನ್ನ ಗಂಡ ಮುಟ್ಟಿ ನೋಡಿ ಕೈ ಹಿಂದೆ ತೆಗೆದರು. ಆಮೇಲೆ, ಅವರಿಗೆ ಸಹಾಯ ಮಾಡುವ ಉದ್ದೇಶದಿಂದಲೇ, "ಒಂದು ದಪ್ಪನ್ನ ಪಡದಾ ಹಾಕ್ಕೋಬಹುದಲ್ರೀ?" ಎಂದುಬಿಟ್ಟರು.

ಹಿರಿಯರು ಕನ್ನಡಕ ತೆಗೆದರು. "ಸ್ವಾಮಿ, ನಿಮಗೆ ಬೇಡದ ಬಿಸಿಲನ್ನ ನೀವು ನಮ್ಮನೆಗೆ ಕಳಿಸ್ತೀರಿ. ನಾನು ಪರದೆ ಹಾಕ್ಕೊಂಡು ಹಗಲಲ್ಲಿ ಕತ್ತಲಲ್ಲಿ ಕೂತ್ಕೋಬೇಕೇ? ಬಿಸಿ ತಡ್ಕೋತೀನಿ. ಮುಂಬೈನಲ್ಲಿ ತಡ್ಕೊಳ್ಳದೆ ಇರೋದು ಏನಿದೆ. ಒಂದು ಮಾತು ಕೇಳಲಿಲ್ವಲ್ಲ ಅನ್ನೋದೇ ನನಗೆ ಬೇಜಾರು."

ನಮ್ಮ ಬಿಲ್ಡಿಂಗಿನವರನ್ನೆಲ್ಲ ಕೇಳಿದ್ದೆವು, ತಡವಾಗಿಯಾದರೂ. ಪಕ್ಕದವರನ್ನು ಕೇಳಬೇಕೆಂದು ನಮಗೆ ಯಾರಿಗೂ, ಚಾಪ್ಟರ್ ಬರೆದ ನನ್ನ ಮಗಳಿಗೂ, ಹೊಳೆದಿರಲಿಲ್ಲ. ತಪ್ಪಾಯಿತು ಎಂದೆ. ಬೂದು ಬಣ್ಣ ಹೊಡೆಸುತ್ತೇವೆ ಎಂದು ಹೇಳುವಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿ ಕಾಫಿ ತಟ್ಟೆ ಹಿಡಿದು ಬಂದರು.

"ಬಣ್ಣ ಬದಲಾಯಿಸ್ತೀರಾ? ಬೇಡಮ್ಮ, ಬೇಡ!"

"ನೀನು ಸುಮ್ನಿರು," ಎಂದರು ಹಿರಿಯರು ಕೊಡೆಯ ಕೆಳಗಿನಿಂದ.

"ಯಾಕೆ ಸುಮ್ನಿರ್ಲಿ? ಹದಿನೈದು ವರ್ಷದಿಂದ ಈ ಮನೇಲಿ ಹಗಲು ಹೊತ್ತೇ ಲೈಟ್ ಹಾಕ್ಕೊಂಡು ತರಕಾರಿ ಹೆಚ್ಚಿದ್ದೀನಿ. ನನಗೆ ಕಣ್ಣು ಮಂಜು. ಈಗ ನೋಡಿ, ಅಡುಗೆಮನೆ ಕಿಟಕಿ ಹತ್ರ ಕೂತ್ಕೊಂಡು ಪೇಪರ್ ಓದ್ತೀನಿ, ಸೂಜಿಗೆ ದಾರ ಪೋಣಿಸ್ತೀನಿ. ಮೊನ್ನೆ ಅಕ್ಕಿಯಲ್ಲಿ ಕಲ್ಲು ಕಾಣಿಸ್ತು ಕಣಮ್ಮ! ಇಷ್ಟು ವರ್ಷ ಇವರು ಎಷ್ಟು ಕಲ್ಲು ತಿಂದಿದ್ದಾರೋ, ದೇವರಿಗೇ ಗೊತ್ತು."

ಒಂದೇ ಮನೆಯಲ್ಲಿ ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ. ನಾವು ಕಾಫಿ ಕುಡಿದು, ಏನೂ ತೀರ್ಮಾನವಾಗದೆ ವಾಪಸಾದೆವು. ಮೆಟ್ಟಿಲಿಳಿಯುತ್ತ ಗಂಡ ಹೇಳಿದರು, "ಆಕಾಶಕ್ಕ ಸುಣ್ಣಾ ಹೊಡಿಯೋದು ಸಣ್ಣ ಮಾತಲ್ಲ ಬಿಡು. ಎಷ್ಟ ಮನಿಯಾಗ ಚಾ ಕುಡಿಬೇಕಾಗ್ತದೋ."

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಎರಡೂ ಕಡೆಯವರು ಕೂತರು. ಐದನೆಯ ಮಹಡಿಯ ದಂಪತಿ, ಸೆಕ್ರೆಟರಿ, ಹಪ್ಪಳದ ಅಕ್ಕ, ನಾವಿಬ್ಬರು. ಅಧ್ಯಕ್ಷತೆ ನನ್ನ ಮಗಳದು. ಅವಳು ತಾರಸಿಯ ನಕ್ಷೆಯೊಂದನ್ನು ದೊಡ್ಡ ಕಾಗದದಲ್ಲಿ ಬರೆದು ನೆಲದ ಮೇಲೆ ಹರಡಿದ್ದಳು.

"ಮೊದಲು ಎಲ್ಲರೂ ತಮಗೆ ಏನು ಪ್ರಾಬ್ಲಮ್ ಇದೆ ಅದು ಹೇಳಿ. ಬೇರೆಯವರು ಬೀಚ್ ಮೇಂ ಮಾತಾಡಬಾರದು. ನಾನು ಬರೆದುಕೊಳ್ತದ."

ಬೆಂಗಳೂರಿನ ಹಿರಿಯರು ಆ ಕ್ರಿಯಾಪದ ಕೇಳಿ ಬೆಚ್ಚಿದರು, ಆದರೆ ಮಧ್ಯೆ ಮಾತಾಡಬಾರದೆಂಬ ನಿಯಮವಿದ್ದುದರಿಂದ ಸುಮ್ಮನಾದರು.

ಮೂರು ಗಂಟೆ ಹಿಡಿಯಿತು. ಹಿರಿಯರ ಹಾಲ್‌ನ ಎದುರಿಗಿನ ಪಟ್ಟಿ ತಿಳಿ ಬೂದು. ಅವರ ಹೆಂಡತಿಯ ಅಡುಗೆಮನೆಯ ಎದುರಿಗೆ ಬಿಳಿ. ಪೂರ್ವದ ಮೂಲೆ ಕಪ್ಪು. ಉಳಿದದ್ದು ಬಿಳಿ. ಹಿರಿಯರ ಹಾಲ್‌ನ ಎದುರಿಗೆ ಯಾವ ಮನೆಯ ನೆತ್ತಿ ಬರುತ್ತದೆಂದು ಮಗಳು ನಕ್ಷೆಯಲ್ಲಿ ಬೆರಳಿಟ್ಟು ನೋಡಿದಳು. ನಮ್ಮದೇ ಹಾಲ್. ಹೀಗಾಗಿ ನಮ್ಮ ಮಲಗುವ ಕೋಣೆಯಲ್ಲಿ ಮಹಾಬಳೇಶ್ವರದ ತಂಪು, ಹಾಲ್‌ನಲ್ಲಿ ನಾಗಪುರದ ಬಿಸಿ ಎಂಬಂತಾಯಿತು. ಬಂದ ಅತಿಥಿಗಳನ್ನು ನಾವು ಮಂಚದ ಮೇಲೆ ಕೂರಿಸತೊಡಗಿದೆವು.

ಎಲ್ಲರೂ ಹೊರಡುವಾಗ ಸೆಕ್ರೆಟರಿ ಬಾಗಿಲ ಬಳಿ ನಿಂತು ಮಗಳನ್ನು ಕೇಳಿದರು. ಅವರದು ಅರ್ಧ ಹಿಂದಿ, ಅರ್ಧ ಮರಾಠಿ, ಕನ್ನಡದಲ್ಲಿ ಹೇಳುತ್ತೇನೆ. "ಬೇಟಾ, ಒಂದು ತಾರಸಿಗೆ ಇಷ್ಟು ಹೊತ್ತಾಯಿತು. ಆಕಾಶ ಬಳಿಯಬೇಕು ಅನ್ನುವವರು ಯಾವ ಸೊಸೈಟಿಯ ಮೀಟಿಂಗ್ ಕರೆಯುತ್ತಾರೆ?"

"ಅದೇ ಅಂಕಲ್. ಅಂಥ ಸೊಸೈಟಿ ಇನ್ನೂ ಇಲ್ಲ."

"ಸೆಕ್ರೆಟರಿಯೂ ಇಲ್ಲವೇ?"

"ಇಲ್ಲ."

"ಪಾಪ," ಎಂದರು. ಯಾರ ಬಗ್ಗೆ ಹೇಳಿದರೋ. ಚಪ್ಪಲಿ ಹಾಕಿಕೊಂಡು ಇಳಿದರು.

ಮಗಳ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ನಮ್ಮನ್ನು ಅದರಲ್ಲಿ "ಒಂದು ಉಪನಗರದ ಇಬ್ಬರು ಹಿರಿಯ ನಾಗರಿಕರು" ಎಂದು ಬರೆದಿದ್ದಳು. ಗಂಡನಿಗೆ ಟ್ಯಾಂಕಿನ ವಿಷಯ ಹಾಕಿದ್ದಾಳೆಯೇ ಎಂಬುದೊಂದೇ ಆತಂಕ. ಹಾಕಿದ್ದಳು, ಅಡಿಟಿಪ್ಪಣಿಯಲ್ಲಿ. ಆಮೇಲೆ ಅವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು.

ಮಳೆಗಾಲ ಬಂತು. ಬಿಳಿಯ ಮೇಲೆ ಪಾಚಿ ಹಿಡಿಯಿತು, ಅಲ್ಲಲ್ಲಿ ಬಣ್ಣ ಎದ್ದಿತು. ಪ್ರತಿ ವರ್ಷ ಬೇಸಿಗೆಗೆ ಮುಂಚೆ ತೊಳೆದು ಮತ್ತೆ ಬಳಿಯಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ನಾವೂ ಒಪ್ಪಂದದಲ್ಲಿ ಬರೆದಿದ್ದೆವು. ಆದರೆ ಅಷ್ಟರಲ್ಲಿ ಹಳೆಯ ಸೆಕ್ರೆಟರಿ ಊರಿಗೆ ಹೋಗಿ ನೆಲೆಸಿದರು. ಹೊಸ ಕಮಿಟಿ ಬಂತು. ಹೊಸ ಸೆಕ್ರೆಟರಿ ಮೊದಲನೆಯ ಮಹಡಿಯವರು. ಅವರಿಗೆ ತಾರಸಿ ಎಂದರೆ ಟಿವಿ ಡಿಶ್ ಇಡುವ ಜಾಗ. "ನೋಡೋಣ, ಫೈಲ್ ಸಿಗಲಿ," ಎನ್ನುತ್ತ ಮಾರ್ಚ್ ಕಳೆದರು.

ಏಪ್ರಿಲ್‌ನಲ್ಲಿ ಬಿಸಿ ಮರಳಿತು. ಮೊದಲಿನಷ್ಟೇ ಇತ್ತೋ ಏನೋ, ಪಾದರಸ ಹಾಗೇ ಹೇಳುತ್ತಿತ್ತು. ಆದರೆ ನಮಗೆ ಮಾತ್ರ ಅದು ಎರಡು ಪಟ್ಟು. ಮೊದಲು ಬೆವರಿಗೆ ಒಗ್ಗಿಕೊಂಡಿದ್ದ ಮೈ ಒಂದು ವರ್ಷದಲ್ಲಿ ಎಲ್ಲ ಮರೆತಿತ್ತು. ಬಾಗಿಲ ಸಂದಿ, ಕಿಟಕಿಯ ಪರದೆ, ಒದ್ದೆ ಬಟ್ಟೆ ಎಂಬ ಹಳೆಯ ಉಪಾಯಗಳೆಲ್ಲ ನೆನಪಿನಿಂದ ಹೋಗಿದ್ದವು. ಗಂಡ ಕೆಳಗಿನ ಆಫೀಸಿಗೆ ಹೋದರೆ ಅಲ್ಲಿನ ಕುರ್ಚಿಯಲ್ಲಿ ಹೊಸ ಸೆಕ್ರೆಟರಿ ಮಲಗಿದ್ದರು.

ಅಂಥ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಐದನೆಯ ಮಹಡಿಯ ಅಮ್ಮ. ಲಿಫ್ಟ್ ಇಲ್ಲದ ನಮ್ಮ ನಾಲ್ಕು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

"ಏನಮ್ಮಾ ನೀವು! ಇನ್ನೂ ಬಣ್ಣ ಹೊಡೆಸಿಲ್ಲ! ನನ್ನ ಬೆಳಕು ಎಲ್ಲಿ?"

"ಕಮಿಟಿಯವರು..."

"ಕಮಿಟಿ ಇರ್ಲಿ. ಮತ್ತೆ ಹಗಲಲ್ಲಿ ಲೈಟ್ ಹಾಕ್ಕೊಂಡು ಕೂತಿದ್ದೀನಿ. ಒಂದ್ಸಲ ಕೊಟ್ಟು ಕಿತ್ಕೊಳ್ಳೋದಾ?"

ಅವರ ಹಿಂದೆ, ಮೆಟ್ಟಿಲ ತಿರುವಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಒಂದು ಕೈಯಲ್ಲಿ ಕಾಗದ ಹಿಡಿದು, ಹಿರಿಯರು ನಿಂತಿದ್ದರು. ಅದೇ ದುಂಡು ಅಕ್ಷರ. ನಮ್ಮ ತಾರಸಿಗೆ ಒಪ್ಪಂದದ ಪ್ರಕಾರ ಕೂಡಲೇ ಬಿಳಿ ಬಣ್ಣ ಬಳಿಸಬೇಕೆಂದು ನಮ್ಮ ಕಮಿಟಿಗೆ, ಆ ಬೆಳಕಿಗೆ ಒಗ್ಗಿಹೋಗಿದ್ದ ಪಕ್ಕದ ಬಿಲ್ಡಿಂಗಿನ ಹನ್ನೊಂದು ಮನೆಯವರ ಮನವಿ. ಮೊದಲ ಸಹಿ ಅವರದೇ.

"ನೀವೇ ಸಹಿ ಮಾಡಿದ್ದೀರಾ ಸಾರ್?" ಎಂದು ಕೇಳಿದೆ.

"ಏನು ಮಾಡೋದು ಮೇಡಂ. ಕತ್ತಲಲ್ಲಿ ಅಡುಗೆ ಮಾಡ್ತಾಳೆ, ಮತ್ತೆ ಕಲ್ಲು ಸಿಗ್ತಿದೆ. ಹಲ್ಲು ಉಳೀಬೇಕಲ್ಲ." ಒಂದು ಮೆಟ್ಟಿಲು ಹತ್ತಿ ಬಂದರು. "ಆದ್ರೆ ನನ್ನ ಪಟ್ಟಿ ಬೂದೀನೇ ಇರ್ಲಿ. ಅದು ಮಾತ್ರ ಬಿಡಲ್ಲ."

ಇಬ್ಬರನ್ನೂ ಒಳಗೆ ಕರೆದು, ಮಂಚದ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟೆ. ಸುದ್ದಿ ತಿಳಿದು ಹಪ್ಪಳದ ಅಕ್ಕ ಮೇಲೆ ಬಂದರು. ಅವರ ಪಾಲಿಗೆ ಪಾಚಿಗಿಂತ ಬಿಳಿಯೇ ವಾಸಿ ಎಂದಾಗಿತ್ತು. ಹಿಂದಿನ ವಾರ ಟ್ಯಾಂಕಿನ ನೀರು ಚೆಲ್ಲಿ ಒದ್ದೆಯಾಗಿದ್ದ ಪಾಚಿಯಲ್ಲಿ ಜಾರಿ ಒಂದು ತಟ್ಟೆ ಹಪ್ಪಳ ಕಳೆದುಕೊಂಡಿದ್ದರು. ಗಂಡ ಮನವಿಯನ್ನು ತೆಗೆದುಕೊಂಡು ಆಫೀಸಿಗಿಳಿದು, ಮಲಗಿದ್ದ ಸೆಕ್ರೆಟರಿಯನ್ನು ಎಬ್ಬಿಸಿದರು. ಜೀವನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಮಧ್ಯಾಹ್ನದ ನಿದ್ದೆಗೆ ಭಂಗ ತಂದರು. ಅದರ ಬಗ್ಗೆ ಅವರಿಗೆ ಸ್ವಲ್ಪ ಬೇಸರವೂ ಆಯಿತು.

ಹೊಸ ಸೆಕ್ರೆಟರಿ ಕೆಟ್ಟವರಲ್ಲ. ಪಕ್ಕದ ಬಿಲ್ಡಿಂಗಿನ ಹನ್ನೊಂದು ಸಹಿ ಕಂಡು ಹೆದರಿದರು ಅಷ್ಟೇ. ಬುಧವಾರ ಸಂಜೆ ತಾರಸಿಯ ಮೇಲೆಯೇ ಎಲ್ಲರನ್ನೂ ಸೇರಿಸಿದರು, ಅವರ ಕಡೆಯವರನ್ನೂ ನಮ್ಮ ಕಡೆಯವರನ್ನೂ. ಬಣ್ಣದ ಅಂಗಡಿಯವನು ಶೇಡ್ ಕಾರ್ಡ್ ತಂದಿದ್ದ. ಅದರಲ್ಲಿ ಬಿಳಿಯೇ ಏಳು ಬಗೆ. ಐದನೆಯ ಮಹಡಿಯ ಅಮ್ಮನಿಗೆ ಮಲ್ಲಿಗೆ ಬಿಳಿ ಬೇಕು, ನಮ್ಮ ಮೂರನೆಯ ಮಹಡಿಯವರಿಗೆ ಮುತ್ತಿನ ಬಿಳಿ. ನನ್ನ ಗಂಡ ಕಾರ್ಡನ್ನು ಹತ್ತಿರ ಹಿಡಿದು, ದೂರ ಹಿಡಿದು, "ಎರಡೂ ಒಂದಽ ಅದಾವ," ಎಂದರು. ಎರಡೂ ಕಡೆಯವರು ಸೇರಿ ಅವರನ್ನು ಸುಮ್ಮನಾಗಿಸಿದರು. ಕೊನೆಗೆ ಕೈ ಎತ್ತಿಸಿದರು. ಎರಡು ಮತಗಳ ಅಂತರದಲ್ಲಿ ಮಲ್ಲಿಗೆ ಗೆದ್ದಿತು. ಪೇಂಟರ್ ಶನಿವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಎಂದ, ಹತ್ತೂವರೆಗೆ ಬಂದ.